ರಬ್ಬರ್ ಸ್ಟಾಂಪಿನ ಆನೆ

ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಎರಡು ಗಂಟೆ ಎಂದರೆ ಗಂಗಾವತಿಯಲ್ಲಿ ನಡುರಾತ್ರಿ ಹನ್ನೆರಡೂವರೆ. ಅಲ್ಲಿ ಇನ್ನೂ 2016ರ ನವೆಂಬರ್ 30, ಇಲ್ಲಿ ಡಿಸೆಂಬರ್ 1 ಆಗಲೇ ಹುಟ್ಟಿದೆ. ನೀವು ಕೂತಿರುವುದು ಒಂದು ಅಕ್ಕಿ ಗಿರಣಿಯ ಆಫೀಸು ಕೋಣೆಯಲ್ಲಿ. ಗಿರಣಿ ನಿಂತಿದೆ, ಧೂಳು ನಿಂತಿಲ್ಲ. ಕೈಯಿಟ್ಟಲ್ಲೆಲ್ಲ ಹೊಟ್ಟಿನ ಪುಡಿ. ಮೇಜಿನ ಮೇಲೆ ಭತ್ತದ ತೇವ ನೋಡುವ ಮೀಟರು, ಹೆಸರು ಬರೆದಿಟ್ಟ ಸ್ಯಾಂಪಲ್ ಪೊಟ್ಟಣಗಳು, ಸಂಜೆ ಕಟ್ಟಿಸಿಕೊಂಡು ಬಂದ ಒಗ್ಗರಣಿ-ಮಿರ್ಚಿಯ ಎಣ್ಣೆ ಕುಡಿದ ಪೇಪರು. ಅದನ್ನೆಲ್ಲ ಪಕ್ಕಕ್ಕೆ ಸರಿಸಿ ನಡುವೆ ಮಡಚುವ ಚೆಸ್ ಮಣೆ ಹಾಸಿದ್ದಾರೆ.

ಮಣೆಯಲ್ಲಿ ಬಿಳಿಯ ಒಂದು ಆನೆ ಯಾವತ್ತೋ ಕಳೆದುಹೋಗಿದೆ. ಅದರ ಜಾಗದಲ್ಲಿ, ಎ1 ಮನೆಯಲ್ಲಿ, ಗಿರಣಿಯ ರಬ್ಬರ್ ಸ್ಟಾಂಪು ನಿಂತಿದೆ. ಮರದ ಹಿಡಿ, ತಳದಲ್ಲಿ ನೇರಳೆ ಶಾಯಿ. ಸರಿಸಿದಲ್ಲೆಲ್ಲ ಮಾಲೀಕರ ಹೆಸರು ಅರ್ಧ ಒತ್ತಿಕೊಳ್ಳುತ್ತದೆ.

ಕೋಣೆಯಲ್ಲಿ ನಿಮ್ಮ ಜೊತೆ ಮೂವರು. ಗಿರಣಿಯ ಗುಮಾಸ್ತ ಕಾಕಾ. ಕುಷ್ಟಗಿಯ ನಿವೃತ್ತ ಮಾಸ್ತರರು, ಕೊನೆಯ ಬಸ್ಸು ತಪ್ಪಿತು ಎಂಬುದು ಅವರು ಮನೆಗೆ ಹೇಳಿದ ನೆಪ. ಯಲಬುರ್ಗಾ ಕಡೆಯಿಂದ ಡಿಗ್ರಿ ಓದಲು ಬಂದಿರುವ ಹುಡುಗ. ಅವನ ಫೋನಿನಲ್ಲಿ ಸೆಪ್ಟೆಂಬರಿನಿಂದ ಜಿಯೋದ ಪುಕ್ಕಟೆ ಡೇಟಾ ಹರಿಯುತ್ತಿದೆ, ಆದ್ದರಿಂದ ಈ ರಾತ್ರಿಯ ಮಟ್ಟಿಗೆ ಅವನೇ ಮುಖ್ಯ ಮನುಷ್ಯ. ನೋಟು ರದ್ದಾಗಿ ಮೂರು ವಾರ. ಬೆಳಿಗ್ಗೆ ತಿಂಗಳ ಮೊದಲ ದಿನ, ಸಂಬಳದ ದಿನ. ಬ್ಯಾಂಕಿನ ಮುಂದೆ ಸೂರ್ಯ ಮೂಡುವ ಮೊದಲೇ ಪಾಳಿ ಹಚ್ಚಬೇಕು ಎಂದು ಕಾಕಾ ಹೇಳುತ್ತಲೇ ಇದ್ದಾರೆ. ಎದ್ದೇಳುವ ಲಕ್ಷಣ ಮಾತ್ರ ಇಲ್ಲ.

ಹುಡುಗನ ಫೋನಿನಲ್ಲಿ ಮಣೆಯ ಪಕ್ಕಕ್ಕೊಂದು ಉದ್ದ ಪಟ್ಟಿ. ಕಂಪ್ಯೂಟರು ಲೆಕ್ಕ ಹಾಕಿ ಬಿಳಿ ಮೇಲೋ ಕಪ್ಪು ಮೇಲೋ ಎಂದು ಅದರಲ್ಲಿ ಏರಿಸಿ ಇಳಿಸಿ ತೋರಿಸುತ್ತದೆ. ಮಾಸ್ತರರು ಮೊದಲು ಮಾಡಿದ ಕೆಲಸ ತೂಕದ ಚೀಟಿಯೊಂದನ್ನು ಹರಿದು ಆ ಪಟ್ಟಿಯ ಮೇಲೆ ಅಂಟಿಸಿದ್ದು.

"ಅದನ್ನ ಮುಚ್ಚಲೇ ತಮ್ಮಾ. ಅದು ಕಂಡ್ರ ನಾವು ಆಟ ನೋಡಂಗಿಲ್ಲ, ಬರೇ ರಿಸಲ್ಟ್ ನೋಡ್ತೀವಿ."

ಆಡುತ್ತಿರುವವರು ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ರಷ್ಯದ ಸೆರ್ಗೆಯ್ ಕರ್ಯಾಕಿನ್. ವಿಶ್ವ ಚಾಂಪಿಯನ್ ಪಟ್ಟಕ್ಕೆ 12 ದೀರ್ಘ ಆಟಗಳಾಗಿ 6-6. ಎಂಟನೆಯದನ್ನು ಕರ್ಯಾಕಿನ್ ಗೆದ್ದರು, ಹತ್ತನೆಯದನ್ನು ಕಾರ್ಲ್‌ಸನ್, ಉಳಿದವೆಲ್ಲ ಡ್ರಾ. ಹನ್ನೆರಡನೆಯ ಆಟವನ್ನಂತೂ ಕಾರ್ಲ್‌ಸನ್ ಮುಕ್ಕಾಲು ಗಂಟೆಯೊಳಗೆ, 30 ನಡೆಗಳಲ್ಲಿ ಡ್ರಾ ಮಾಡಿ ಎದ್ದುಹೋದರು. ದುಡ್ಡು ಕೊಟ್ಟು ಒಳಗೆ ಬಂದವರು ಸಿಟ್ಟಾದದ್ದರಲ್ಲಿ ತಪ್ಪಿಲ್ಲ. ಆದರೆ ಕಾರ್ಲ್‌ಸನ್ ಲೆಕ್ಕ ಬೇರೆ ಇತ್ತು: ವೇಗದ ಆಟಕ್ಕೆ ಬಾ, ಅಲ್ಲಿ ನೋಡಿಕೊಳ್ಳುತ್ತೇನೆ. ಈ ರಾತ್ರಿಯದು ಆ ವೇಗದ ಆಟ. ನಾಲ್ಕು ಸುತ್ತು, ತಲಾ 25 ನಿಮಿಷ, ಪ್ರತಿ ನಡೆಗೆ 10 ಸೆಕೆಂಡು ಹೆಚ್ಚುವರಿ. ಕಾರ್ಲ್‌ಸನ್‌ಗೆ ಅವತ್ತೇ 26 ತುಂಬಿದ ಹುಟ್ಟುಹಬ್ಬ.

ಮೊದಲ ಆಟ ಡ್ರಾ. ಎರಡನೆಯದರಲ್ಲಿ ಕರ್ಯಾಕಿನ್ ಗೋಡೆಗೆ ಬೆನ್ನು ಹಚ್ಚಿ, ಗಡಿಯಾರದಲ್ಲಿ ಸೆಕೆಂಡುಗಳಷ್ಟೇ ಉಳಿದಿರುವಾಗ, 84ನೇ ನಡೆಯಲ್ಲಿ ಸ್ಟೇಲ್‌ಮೇಟ್ ಮಾಡಿಕೊಂಡು ಜೀವ ಉಳಿಸಿಕೊಂಡರು. ಕಾಕಾ ಆಗ ಮೇಜು ಗುದ್ದಿದ ರಭಸಕ್ಕೆ ಮಣೆ ಹಾರಿ ಕಾಯಿ ಮತ್ತೆ ಜೋಡಿಸಬೇಕಾಯಿತು. ಮೂರನೆಯದರಲ್ಲಿ ಆ ಅದೃಷ್ಟ ಕೈಹಿಡಿಯಲಿಲ್ಲ. ಹೊತ್ತು ಸಾಲದೆ ಎಡವಿ 38ನೇ ನಡೆಗೆ ಸೋಲೊಪ್ಪಿದರು. ಈಗ ನಾಲ್ಕನೆಯದು. ಹೊರಗೆ ಇನ್ನೂ ಕತ್ತಲು, ಫ್ಲಾಸ್ಕಿನ ಚಹಾ ತಳ ಕಂಡಿದೆ.

"ಡ್ರಾ ಆದ್ರೂ ಸಾಕಲ್ರಿ ಕಾರ್ಲ್‌ಸನ್‌ಗ?" ಹುಡುಗ ಕೇಳುತ್ತಾನೆ.

"ಅವಗ ಸಾಕು. ಇವಗ ಡ್ರಾ ಅಂದ್ರೂ ಸೋತಂಗ," ಎನ್ನುತ್ತಾರೆ ಮಾಸ್ತರರು.

ಈ ಒಂದು ಮಾತನ್ನು ಹಿಡಿದುಕೊಂಡೇ ಮಣೆ ನೋಡಿ. ಕಪ್ಪು ಕಾಯಿಯ ಕರ್ಯಾಕಿನ್ ಮುಂದೆ ಮಾಡುವುದೆಲ್ಲ ಇದರೊಳಗಿಂದಲೇ ಹುಟ್ಟುತ್ತದೆ. ಸಮತೂಕ ಕಾಯುವುದರಲ್ಲಿ ಜಗತ್ತಿನಲ್ಲೇ ಅವರ ಸಮ ಯಾರೂ ಇಲ್ಲ; ಎರಡು ತಾಸಿನ ಹಿಂದೆ ಅದನ್ನೇ ಮಾಡಿ ತೋರಿಸಿದ್ದಾರೆ. ಈಗ ಆ ವಿದ್ಯೆ ಉಪಯೋಗಕ್ಕೆ ಬಾರದು. 12 ವರ್ಷ 7 ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್ ಆದ ಮನುಷ್ಯ ಗೆಲ್ಲಲೇಬೇಕೆಂದು ಸಿಸಿಲಿಯನ್ ಹಿಡಿಯುತ್ತಾರೆ: ಇ4ಕ್ಕೆ ಉತ್ತರ ಸಿ5.

ಕಾರ್ಲ್‌ಸನ್ ಗುದ್ದಾಟಕ್ಕೆ ಇಳಿಯುವುದಿಲ್ಲ. ಐದನೇ ನಡೆಗೆ ಎಫ್3, ಏಳನೆಯದಕ್ಕೆ ಸಿ4. ಇ4 ಮತ್ತು ಸಿ4ರಲ್ಲಿ ಬಿಳಿಯ ಎರಡು ಕಾಲಾಳು ಕೂತವು. ನಡುವಿನ ಡಿ5 ಮನೆಯ ಮೇಲೆ ಎರಡಕ್ಕೂ ಕಣ್ಣು. ತುಂಗಭದ್ರೆಯ ಎಡದಂಡೆ ಕಾಲುವೆಯ ತೂಬಿಗೆ ಹಲಗೆ ಇಳಿಸಿದ ಹಾಗೆ: ಮೇಲೆ ನೀರು ಎಷ್ಟಿದ್ದರೂ ಕೆಳಗಿನ ಗದ್ದೆಗೆ ಬಿಡುವುದು ಬಿಡದಿರುವುದು ಹಲಗೆ ಹಿಡಿದವನ ಮರ್ಜಿ. ಕಪ್ಪು ಕಾಯಿಗಳಿಗೆ ಉಸಿರಾಡಬೇಕೆಂದರೆ ಡಿ5 ತೆರೆಯಬೇಕು. ಅದು ತೆರೆಯುವುದಿಲ್ಲ. ಬಿಳಿ ಕುದುರೆ ಡಿ3ಕ್ಕೆ, ಅಲ್ಲಿಂದ ಬಿ4ಕ್ಕೆ ಬಂದು ಅದೇ ಡಿ5ರ ಕಡೆಗೆ ಮುಖಮಾಡಿ ನಿಲ್ಲುತ್ತದೆ. ರಬ್ಬರ್ ಸ್ಟಾಂಪು ಎ1ರಿಂದ ಬಿ1ಕ್ಕೆ ಸರಿಯುತ್ತದೆ, ಅರ್ಧ ಹೆಸರು ಒತ್ತುತ್ತದೆ.

ನಡೆಗಳು ಈಗ ಎರಡು ಬಗೆಯಲ್ಲಿ ಬರುತ್ತಿವೆ. ಕೆಲವು ಒಂದರ ಹಿಂದೊಂದು ದಡದಡನೆ. ಹುಡುಗ ಓದುವುದಕ್ಕೂ ಕಾಕಾ ಸರಿಸುವುದಕ್ಕೂ ತಾಳ ತಪ್ಪುತ್ತದೆ. ಆಮೇಲೆ ದೀರ್ಘ ಮೌನ. ನೆಟ್ ಹೋಯಿತೇ ಎಂದು ಹುಡುಗ ಫೋನು ಎತ್ತಿ ಕಿಟಕಿಗೆ ಹಿಡಿಯುತ್ತಾನೆ. ನೆಟ್ ಇದೆ. ಅಲ್ಲಿ, ಫುಲ್ಟನ್ ಮಾರ್ಕೆಟ್ ಕಟ್ಟಡದ ಗಾಜಿನ ಕೋಣೆಯೊಳಗೆ, ಇಬ್ಬರಲ್ಲೊಬ್ಬರು ಯೋಚಿಸುತ್ತಿದ್ದಾರೆ. ವೇಗದ ಆಟವೆಂದರೆ ಎಲ್ಲ ನಡೆಯನ್ನೂ ಬೇಗ ಆಡುವುದಲ್ಲ. ಗೊತ್ತಿರುವ ನಡೆಯಲ್ಲಿ ಉಳಿಸಿದ್ದನ್ನು ಗೊತ್ತಿಲ್ಲದ ಒಂದೆರಡು ನಡೆಗೆ ಸುರಿಯುವುದು. ಯಾವ ನಡೆಗೆ ಸುರಿದರು ಎಂಬುದರಲ್ಲೇ ಆಟಗಾರನ ಭಯ ಎಲ್ಲಿದೆ ಎಂದು ತಿಳಿಯುತ್ತದೆ. ಪಟ್ಟಿ ನೋಡುವವರಿಗೆ ಇದು ಕಾಣುವುದಿಲ್ಲ.

ಹತ್ತೊಂಬತ್ತನೇ ನಡೆ, ಕರ್ಯಾಕಿನ್ ಎಚ್5. ಇಪ್ಪತ್ತಕ್ಕೆ ಎಚ್4. ರಾಜನ ಮುಂದಿನ ಕಾಲಾಳನ್ನೇ ಮುಂದಕ್ಕೆ ಓಡಿಸುತ್ತಿದ್ದಾರೆ. ಅಷ್ಟು ದೂರ ಹೋದ ಕಾಲಾಳಿಗೆ ಕಾವಲು ಕೊಡುವುದೇ ಕಷ್ಟ. ಕೊಡುವುದೂ ಇಲ್ಲ. 28ನೇ ನಡೆಗೆ ಒಂಟೆಯನ್ನು ಎಫ್8ಕ್ಕೆ ಹಿಂದೆಗೆಯುತ್ತಾರೆ, ಕಾರ್ಲ್‌ಸನ್ ಜಿ3ರ ಕಾಲಾಳಿನಿಂದ ಎಚ್4ನ್ನು ತಿನ್ನುತ್ತಾರೆ.

"ಸುಮ್ನ ಹೋತಲ್ರಿ ಒಂದು!"

"ಸುಮ್ನ ಹೋಗಿಲ್ಲೋ. ಎಫ್4 ಕಾಯೋ ಕಾಲಾಳು ಪಕ್ಕಕ್ಕ ಸರೀತು ನೋಡು. ಕುದುರಿ ಬರ್ತದ ಈಗ."

ಬಂತು. ಕಪ್ಪು ಕುದುರೆ ಎಫ್4ಕ್ಕೆ. ಅದನ್ನು ಬಿಳಿ ಒಂಟೆ ತಿಂದಿತು, ಇ5ರ ಕಪ್ಪು ಕಾಲಾಳು ಒಂಟೆಯನ್ನು ತಿಂದು ಎಫ್4ರಲ್ಲಿ ಕೂತಿತು. ಇ5 ಮನೆ ಖಾಲಿ. ಡಿ7ರಲ್ಲಿ ನಿಂತ ಇನ್ನೊಂದು ಕಪ್ಪು ಕುದುರೆ ಅಲ್ಲಿಗೆ ಹಾರಿದರೆ ಸಿ4, ಎಫ್3 ಎರಡರ ಮೇಲೂ ಕೈ. ಕರ್ಯಾಕಿನ್ ಇಡೀ ರಾತ್ರಿ ಹುಡುಕುತ್ತಿದ್ದ ಆಟ ಅದು. ಕಾರ್ಲ್‌ಸನ್ ಒಂದು ನಡೆಯೂ ಕಾಯಲಿಲ್ಲ. ಎಚ್3ರ ಒಂಟೆಯನ್ನು ಕೊಟ್ಟು ಡಿ7ರ ಕುದುರೆಯನ್ನು ಅಲ್ಲೇ ಮುಗಿಸಿದರು. ಸದ್ದಿಲ್ಲದ ನಡೆ. ಪತ್ರಿಕೆಗಳ ಚಿತ್ರದಲ್ಲಿ ಬರುವಂಥದ್ದಲ್ಲ. ನನ್ನನ್ನು ಕೇಳಿದರೆ ಆಟ ಅರ್ಧ ಗೆದ್ದದ್ದು ಇಲ್ಲಿ.

34ನೇ ನಡೆಗೆ ಬಿಳಿ ಕುದುರೆ ಬಿ5ಕ್ಕೆ ಬಂದು ಎ3ರ ಆನೆಯನ್ನು ಕೆಣಕುತ್ತದೆ. ಆನೆ ಬಿ3ರ ಕಾಲಾಳನ್ನು ತಿನ್ನುತ್ತದೆ. ಕುದುರೆ ಡಿ4ಕ್ಕೆ: ಈಗ ಸಿ6ರ ರಾಣಿಗೂ ಬಿ3ರ ಆನೆಗೂ ಒಂದೇ ಏಟು. ಹುಡುಗ ಎದ್ದು ನಿಂತಿದ್ದಾನೆ. "ಫೋರ್ಕ್ ರೀ ಸರ್! ಅದನ್ನೂ ನೋಡಲಿಲ್ಲೇನ್ರಿ ಅವ?"

ನೋಡಿಲ್ಲದೆ ಇರುತ್ತಾರೆಯೇ? ರಾಣಿಯಿಂದ ಸಿ4ರ ಕಾಲಾಳನ್ನು ತಿಂದು, ಆನೆ ಹೋಗಲಿ ಎಂದು ಬಿಟ್ಟರು. ಆನೆ ಕೊಟ್ಟು ಕುದುರೆ ಮತ್ತು ಎರಡು ಕಾಲಾಳು ಪಡೆದರು. ಚೀಟಿ ಕಿತ್ತು ಪಟ್ಟಿ ನೋಡಿದರೆ ಬಿಳಿಯ ಕಡೆಗೆ ಏರಿರುತ್ತದೆ ಎಂಬುದಕ್ಕೆ ಮೀಟರು ಬೇಕಿಲ್ಲ. ಆದರೆ ಅದೇ ಪಟ್ಟಿ ಮೆಚ್ಚುವ ಸರಿಯಾದ ನಡೆ ಆಡಿ ಸಮತೂಕಕ್ಕೆ ಹೋದರೆ ಕರ್ಯಾಕಿನ್‌ಗೆ ಸಿಗುವುದು ಡ್ರಾ, ಅಂದರೆ ಸೋಲು. ಮಣೆ ಕದಡಿ ಎದುರಾಳಿ ಎಡವಲೆಂದು ಕಾಯುವುದೊಂದೇ ಉಳಿದ ದಾರಿ, ಅದಕ್ಕೆ ಆನೆಯ ಬೆಲೆ ತೆರುತ್ತಿದ್ದಾರೆ. ಕಂಪ್ಯೂಟರು ಇದನ್ನು ತಪ್ಪು ಎಂದು ಕೆಂಪಿನಲ್ಲಿ ಬರೆಯುತ್ತದೆ. ಆ ಕುರ್ಚಿಯಲ್ಲಿ ಕೂತವನಿಗೆ ಅದು ತಪ್ಪಲ್ಲ.

ಮಾತು ನಂಬದಿದ್ದರೆ 40ರಿಂದ 42ರವರೆಗಿನ ನಡೆ ನೋಡಿ. ಕಪ್ಪು ಆನೆ ಎ2ಕ್ಕೆ, ಬಿಳಿ ಆನೆ ಡಿ2ರಲ್ಲಿ ಅಡ್ಡ. ಕಪ್ಪು ಆನೆ ಎ3ಕ್ಕೆ, ಬಿಳಿ ಆನೆ ಮತ್ತೆ ಡಿ3ಕ್ಕೆ. ಹೀಗೇ ಇನ್ನೊಂದು ಸುತ್ತು ತಿರುಗಿದರೆ ಅದೇ ಸ್ಥಿತಿ ಮೂರು ಸಲ ಬಂದು ಡ್ರಾ. ಮೊದಲ ಆಟದಲ್ಲಾಗಿದ್ದರೆ ಕೈಕುಲುಕಿ ಎದ್ದಿರುತ್ತಿದ್ದರು. ಕರ್ಯಾಕಿನ್ ಸುತ್ತು ಮುರಿದು ಆನೆಯನ್ನು ಎ7ಕ್ಕೆ ಹಿಂದೆಗೆದರು. ಬಾಗಿಲು ತೆರೆದಿದ್ದರೂ ಹೊರಗೆ ಹೋಗುವಂತಿಲ್ಲ.

ಈ ನಡುವೆ 39ರಲ್ಲಿ ಒಂದು ಸಣ್ಣ ಸಂಗತಿ ನಡೆದುಹೋಗಿದೆ. ಎಚ್4ರ ಬಿಳಿ ಕಾಲಾಳು ಒಂದು ಮನೆ ಮುಂದೆ, ಎಚ್5ಕ್ಕೆ. ಕಾಕಾ ಅದನ್ನು ಸರಿಸುವುದನ್ನೇ ಮರೆತಿದ್ದರು. ಮಾಸ್ತರರು ತೋರುಬೆರಳಿನಿಂದ ತಳ್ಳಿದರು. ಒಂದೇ ಸಾಲಿನಲ್ಲಿ ಎರಡು ಕಾಲಾಳು, ಮುಂದಿನದು ಯಾರ ಲೆಕ್ಕಕ್ಕೂ ಇಲ್ಲ. ನೀವು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

43ಕ್ಕೆ ಬಿಳಿ ಆನೆ ಡಿ5ಕ್ಕೆ ಬಂತು. ಏಳನೇ ನಡೆಯಿಂದ ಕಾದಿಟ್ಟ ಮನೆ, ಕೊನೆಗೆ ಏರಿ ಕೂತದ್ದು ಆನೆ. ಅಲ್ಲಿಂದ ಎಫ್5ಕ್ಕೆ. ಕಪ್ಪು ರಾಣಿ ಎಚ್4ಕ್ಕೆ ಸರಿಯಿತು. ಆಗಲೇ ಬಿ1ರಿಂದ ಡಿ1ಕ್ಕೆ ಬಂದಿದ್ದ ಸ್ಟಾಂಪು ಈಗ ಸಿ1ಕ್ಕೆ. 47ಕ್ಕೆ ಬಿಳಿ ರಾಣಿ ಎಫ್4ರ ಕಾಲಾಳನ್ನು ತಿಂದು ಕಪ್ಪು ರಾಣಿಗೆ ಮುಖಾಮುಖಿ. ರಾಣಿಗೆ ರಾಣಿ ಹೋದರೆ ಬಿಳಿಗೆ ಒಂಟೆಯ ಎದುರು ಆನೆ ಇರುವ ನೆಮ್ಮದಿ. ಕರ್ಯಾಕಿನ್ ಬದಲಿಸಿಕೊಳ್ಳುವುದಿಲ್ಲ. ಆನೆ ಎ2ಕ್ಕೆ, ಚೆಕ್. ರಾಜ ಎಚ್1ರ ಮೂಲೆಗೆ. ಕಪ್ಪು ರಾಣಿ ಎಫ್2ಕ್ಕೆ.

ಕೋಣೆಯಲ್ಲಿ ಯಾರೂ ಮಾತಾಡುತ್ತಿಲ್ಲ. ಇನ್ನೊಂದು ಸರದಿ ಸಿಕ್ಕರೆ ಆ ರಾಣಿ ಜಿ2ಕ್ಕೆ ಇಳಿಯುತ್ತದೆ, ಹಿಂದೆ ಎ2ರ ಆನೆಯ ಬಲ, ಮೇಟ್. ಆಟ ಕರ್ಯಾಕಿನ್‌ಗೆ, ಪಂದ್ಯ ಮತ್ತೆ ಸಮ, ಐದು ನಿಮಿಷದ ಬ್ಲಿಟ್ಜ್ ಶುರು. ಕಾಕಾ ಬ್ಯಾಂಕು ಮರೆತಿದ್ದಾರೆ.

ಕಾರ್ಲ್‌ಸನ್: ಆನೆ ಸಿ8, ಚೆಕ್. ಕಾಕಾ ಸ್ಟಾಂಪನ್ನು ಸಿ ಸಾಲಿನಲ್ಲಿ ಮೇಲಕ್ಕೆ ಎಳೆದು ಕೊನೆಯ ಮನೆಯಲ್ಲಿ ಒತ್ತುತ್ತಾರೆ. ಒಂಟೆಯನ್ನು ಅಡ್ಡ ತಂದರೆ ಅದು ಆ ಆನೆಯ ಬಾಯಿಗೇ. ಕಪ್ಪು ರಾಜ ಎಚ್7ಕ್ಕೆ ಸರಿದ. ಹುಡುಗ ಫೋನು ನೋಡುತ್ತಾನೆ, ಹುಬ್ಬು ಗಂಟಿಕ್ಕುತ್ತಾನೆ.

"ಸರ್, ನೆಟ್ ಏನೋ ತಪ್ಪು ತೋರಸಾಕತ್ತೈತ್ರಿ. ರಾಣಿ ಎಚ್6 ಅಂತ ಐತಿ."

"ಎಲ್ಲಿ?"

"ಎಚ್6 ರೀ. ರಾಜನ ಬಾಯಾಗ."

ಮಾಸ್ತರರು ಫೋನು ಕೇಳುವುದಿಲ್ಲ. ಬಿಳಿ ರಾಣಿಯನ್ನು ಎತ್ತಿ, ಎಫ್4ರಿಂದ ಓರೆಯಾಗಿ ಜಿ5 ದಾಟಿಸಿ, ಎಚ್6ರಲ್ಲಿ ಇಡುತ್ತಾರೆ. ಕೈ ತೆಗೆಯುವುದಿಲ್ಲ. "ಅರ್ಧ ನಿಮಿಷ," ಎನ್ನುತ್ತಾರೆ. ನಿಮಗೂ ಸೇರಿಸಿಯೇ.

ರಾಣಿಯನ್ನು ರಾಜನೇ ತಿನ್ನಲಿ. ಆಗ ಸ್ಟಾಂಪು ಸಿ8ರಿಂದ ಎಂಟನೇ ಸಾಲಿನಲ್ಲಿ ಜಾರಿ ಎಚ್8ಕ್ಕೆ, ಚೆಕ್. ರಾಜ ಜಿ5ಕ್ಕೆ ಹೋಗುವಂತಿಲ್ಲ, ಎಫ್5ರ ಆನೆ ಇದೆ. ಎಚ್5ರ ಕಾಲಾಳನ್ನು ತಿನ್ನುವಂತಿಲ್ಲ, ಅದಕ್ಕೂ ಅದೇ ಆನೆಯ ಕಾವಲು. ಎಚ್7 ಸ್ಟಾಂಪಿನ ದಾರಿಯಲ್ಲಿದೆ. ಜಿ6? ಅಲ್ಲಿ ಎಚ್5ರ ಕಾಲಾಳಿನ ಕಣ್ಣು. ಮೇಟ್.

ರಾಜ ಬೇಡ, ಜಿ7ರ ಕಾಲಾಳು ರಾಣಿಯನ್ನು ತಿನ್ನಲಿ. ಆಗ ಏಳನೇ ಸಾಲು ಬಯಲಾಗುತ್ತದೆ. ಎಫ್5ರ ಆನೆ ಎಫ್7ರ ಕಾಲಾಳನ್ನು ತಿಂದು ಚೆಕ್. ಜಿ8, ಎಚ್8 ಸ್ಟಾಂಪಿನ ವಶ. ಜಿ7 ಈ ಆನೆಯ ವಶ. ಜಿ6, ಮತ್ತೆ ಅದೇ ಎಚ್5ರ ಕಾಲಾಳು. ಮೇಟ್.

ತಿನ್ನದೆ ಜಿ8ಕ್ಕೆ ಓಡೋಣವೆಂದರೆ ಅಲ್ಲಿ ಸ್ಟಾಂಪಿನ ಹಿಡಿತ. ಮೂರನೆಯ ದಾರಿಯಿಲ್ಲ.

ಹುಡುಗನಿಗೆ ಮೊದಲು ಹೊಳೆದದ್ದು ಸ್ಟಾಂಪು. ಕಾಕಾಗೆ ಎಫ್7. ಮಾಸ್ತರರು ಇವೆರಡನ್ನೂ ಬಿಟ್ಟು ಎಚ್5ರ ಕಾಲಾಳನ್ನು ಬೆರಳಿನಿಂದ ತಟ್ಟುತ್ತಿದ್ದರು. ಎರಡೂ ಮೇಟಿನಲ್ಲಿ ಜಿ6ನ್ನು ಮುಚ್ಚಿದ್ದು ಅದೊಂದೇ. ಅದು ಎಲ್ಲಿಂದ ಬಂತು ಎಂದು ಹಿಂದಕ್ಕೆ ನಡೆಯಿರಿ: ಎಚ್5, ಎಚ್4, ಅದಕ್ಕೂ ಮೊದಲು ಜಿ3. ಕುದುರೆಗೆ ದಾರಿ ಮಾಡಲೆಂದು ಕರ್ಯಾಕಿನ್ ತಾವೇ 29ರಲ್ಲಿ ಪಕ್ಕಕ್ಕೆ ಸರಿಸಿದ ಕಾಲಾಳು. ಅವರು ತೆತ್ತ ಬೆಲೆಯೇ ಅವರ ರಾಜನ ಬಾಗಿಲಿಗೆ ಅಗಳಿಯಾಯಿತು. ಪಟ್ಟಿಯ ಏರಿಳಿತದಲ್ಲಿ ಈ ಎಳೆ ಸಿಗುವುದಿಲ್ಲ. ಮಣೆಯ ಮೇಲೆ ಕಾಯಿ ಹಿಂದಕ್ಕೆ ಇಟ್ಟುಕೊಂಡು ಹೋದವರಿಗೆ ಮಾತ್ರ ಸಿಗುತ್ತದೆ.

ಕರ್ಯಾಕಿನ್ ಯಾವುದನ್ನೂ ತಿನ್ನಲಿಲ್ಲ. ಕೈ ಚಾಚಿದರು. ವೇಗದ ಆಟಗಳಲ್ಲಿ 3-1, ಪಟ್ಟ ಕಾರ್ಲ್‌ಸನ್‌ಗೆ ಉಳಿಯಿತು. ಗಂಗಾವತಿಗೆ ಅವತ್ತು ಬೆಳಿಗ್ಗೆ ಬಂದ ಪತ್ರಿಕೆಗಳಲ್ಲಿ ಇದು ಇರುವುದು ಸಾಧ್ಯವೇ ಇರಲಿಲ್ಲ, ಅವು ಅಚ್ಚಾಗುವಾಗ ಆಟ ಶುರುವಾಗಿದ್ದರೆ ಹೆಚ್ಚು. ಆ ರಾತ್ರಿ ಎಲ್ಲರೂ ಸೋತವನೆಂದು ಮರುಗಿದ ಕರ್ಯಾಕಿನ್ ಅದೇ ಡಿಸೆಂಬರಿನಲ್ಲಿ ದೋಹಾದಲ್ಲಿ ವಿಶ್ವ ಬ್ಲಿಟ್ಜ್ ಚಾಂಪಿಯನ್ ಆದರು. ಅಂಕ ಸಮವಾಗಿ ಟೈಬ್ರೇಕಿನಲ್ಲಿ ಅವರು ಹಿಂದಿಕ್ಕಿದ್ದು ಇದೇ ಕಾರ್ಲ್‌ಸನ್‌ರನ್ನು. ಅದರ ಮರುವರ್ಷ ರಿಯಾದಿನಲ್ಲಿ ವಿಶ್ವ ರ‍್ಯಾಪಿಡ್ ಗೆದ್ದವರು 48ರ ವಿಶ್ವನಾಥನ್ ಆನಂದ್. ವೇಗದ ಆಟ ಹುಡುಗರದ್ದು ಎನ್ನುವವರಿಗೆ ಉತ್ತರವಾಗಿ ಅದೊಂದು ಸಾಕು.

ಆ ರಾತ್ರಿ ಕರ್ನಾಟಕದಲ್ಲಿ ಒಬ್ಬ ಗ್ರ್ಯಾಂಡ್‌ಮಾಸ್ಟರೂ ಇರಲಿಲ್ಲ. ಆನೆಗುಂದಿಯ ಹೊಳೆ ದಾಟಿದರೆ ಹಂಪಿಯ ಕಲ್ಲುಹಾಸಿನಲ್ಲಿ ಕೊರೆದ ಆಟದ ಮನೆಗಳು, ಮೈಸೂರಿನಲ್ಲಿ ಕುದುರೆಯ ನಡೆಯಲ್ಲಿ 64 ಮನೆ ಸುತ್ತಿಸುವ ಬಂಧಗಳನ್ನು ರಚಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು, ಇಷ್ಟೆಲ್ಲ ಇದ್ದೂ. ಮೈಸೂರಿನ ತೇಜ್‌ಕುಮಾರ್ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 2017ರಲ್ಲಿ. ಆಮೇಲೆ ಮೈಸೂರಿನವರೇ ಗಿರೀಶ್ ಕೌಶಿಕ್, ಶಿವಮೊಗ್ಗದ ಸ್ಟ್ಯಾನಿ, 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್. ಈ ನಾಲ್ವರಲ್ಲಿ ಒಬ್ಬರೂ ತುಂಗಭದ್ರೆಯ ಈಚೆ ದಂಡೆಯವರಲ್ಲ.

ಕೊಪ್ಪಳದಲ್ಲೋ ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ನಿಮ್ಮ ಮನೆಯಲ್ಲಿ ಚೆಸ್ ಕಲಿಯುವ ಮಗುವಿದ್ದರೆ ಈ ಸ್ಥಿತಿ ಜೋಡಿಸಿಕೊಡಿ. ಬಿಳಿ: ರಾಜ ಎಚ್1, ರಾಣಿ ಎಫ್4, ಆನೆಗಳು ಎಫ್5 ಮತ್ತು ಸಿ8, ಕಾಲಾಳು ಇ4, ಎಫ್3, ಎಚ್2, ಎಚ್5. ಕಪ್ಪು: ರಾಜ ಎಚ್7, ರಾಣಿ ಎಫ್2, ಆನೆ ಎ2, ಒಂಟೆ ಇ7, ಕಾಲಾಳು ಬಿ6, ಡಿ6, ಎಫ್7, ಜಿ7. ಬಿಳಿಯ ಸರದಿ. ಫೋನು ದೂರ ಇಡಿ, ಅರ್ಧ ನಿಮಿಷ ಕೊಡಿ, ಉತ್ತರ ಮಾತ್ರ ನೀವು ಹೇಳಬೇಡಿ.